ಹಾಲೊಂದನ್ನೇ ನಂಬಿದ ಮೂತ್ರಪಿಂಡ

ಹೆರಿಗೆಯಾದ ಎರಡು-ಮೂರನೇ ದಿನ ಕೂಸಿನ ಲಂಗೋಟಿ ಬಿಚ್ಚಿದಾಗ ಕೆಲವೊಮ್ಮೆ ಒಂದು ಕಲೆ ಕಾಣುತ್ತದೆ. ನಡುವೆ ಇಟ್ಟಿಗೆ ಬಣ್ಣ, ಅಂಚಿಗೆ ನಸುಗುಲಾಬಿ, ಒಣಗಿದ ಮೇಲೆ ಬೆರಳಿಂದ ಉಜ್ಜಿದರೆ ನವುರಾದ ಪುಡಿ. ಬಾಣಂತಿಯ ಎದೆ ಧಸಕ್ಕೆನ್ನುತ್ತದೆ. ಮನೆಯವರು ರಕ್ತವೆಂದೇ ತಿಳಿದು, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮಕ್ಕಳ ಡಾಕ್ಟರ ಬಳಿ ಓಡುತ್ತಾರೆ. ಡಾಕ್ಟರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಮಗುವನ್ನು ತೂಗಿ, ತಾಯಿಗೆ ಹಾಲು ಇಳಿದಿದೆಯೇ ಎಂದು ಕೇಳುತ್ತಾರೆ. ಬಹಳಷ್ಟು ಸಲ ಅದು ರಕ್ತವಾಗಿರುವುದಿಲ್ಲ, ಯೂರಿಕ್ ಆಮ್ಲದ ಹರಳಾಗಿರುತ್ತದೆ. ಹಸುಗೂಸಿನ ಮೂತ್ರದಲ್ಲಿ ಯೂರಿಕ್ ಆಮ್ಲ ದೊಡ್ಡವರದಕ್ಕಿಂತ ಹೆಚ್ಚು. ಮೊದಲ ದಿನಗಳಲ್ಲಿ ಹಾಲು ತೊಟ್ಟು ತೊಟ್ಟಾಗಿ ಬರುವುದರಿಂದ ಮೂತ್ರವೂ ಅಷ್ಟಕ್ಕಷ್ಟೇ. ಆ ಸ್ವಲ್ಪ ನೀರಿನಲ್ಲಿ ಕರಗಲಾರದೆ ಆಮ್ಲ ಹರಳುಗಟ್ಟಿ ಬಟ್ಟೆಗೆ ಅಂಟುತ್ತದೆ. ಹಾಲು ತುಂಬಿ ಬಂದ ಮೇಲೆ ಕಲೆ ತಾನಾಗಿ ನಿಲ್ಲುತ್ತದೆ. ನಾಲ್ಕೈದು ದಿನ ದಾಟಿದ ಮೇಲೂ ಬರುತ್ತಲೇ ಇದ್ದರೆ ಮಗುವಿನ ಹೊಟ್ಟೆಗೆ ಹಾಲು ಸಾಲುತ್ತಿಲ್ಲವೆಂದು ಅನುಮಾನಿಸಬೇಕು.

ದೊಡ್ಡವರ ಮೂತ್ರದಲ್ಲಿ ಇದೇ ಬಣ್ಣ ಕಂಡಿದ್ದರೆ ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಂದು ದೊಡ್ಡ ಸರಣಿಯೇ ಶುರುವಾಗುತ್ತಿತ್ತು. ಹಸುಗೂಸಿನ ಮೂತ್ರಪಿಂಡದ ವಿಷಯದಲ್ಲಿ ನಮ್ಮ ಎಡವಟ್ಟುಗಳೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಹುಟ್ಟುತ್ತವೆ: ಅದನ್ನು ನಮ್ಮ ಮೂತ್ರಪಿಂಡದ ಚಿಕ್ಕ ಗಾತ್ರದ ಪ್ರತಿ ಎಂದುಕೊಳ್ಳುತ್ತೇವೆ. ಗಾತ್ರದಲ್ಲಿ ಅದು ಚಿಕ್ಕದು ನಿಜ. ಹುಟ್ಟಿದಾಗ ಒಂದೊಂದು ಕಿಡ್ನಿ ನಾಲ್ಕೈದು ಸೆಂಟಿಮೀಟರ್ ಉದ್ದ, ಹನ್ನೆರಡು ಗ್ರಾಂ ಆಸುಪಾಸಿನ ತೂಕ. ನಮ್ಮಂತೆ ನುಣುಪಾದ ಮೈಯಿಲ್ಲ, ಉಬ್ಬು-ತಗ್ಗುಗಳಾಗಿ ಹೋಳು ಹೋಳು ಕಾಣುತ್ತದೆ. ಆದರೆ ನಿಜವಾದ ವ್ಯತ್ಯಾಸವಿರುವುದು ಅದು ಮಾಡುವ ಕೆಲಸದಲ್ಲಿ.

ಹೊಟ್ಟೆಯಲ್ಲಿದ್ದಾಗ ಕೂಸಿನ ಮೂತ್ರಪಿಂಡಕ್ಕೆ ಕಲ್ಮಶ ತೆಗೆಯುವ ಜವಾಬ್ದಾರಿ ಇರುವುದೇ ಇಲ್ಲ. ಅದನ್ನೆಲ್ಲ ಮಾಸು ನೋಡಿಕೊಳ್ಳುತ್ತದೆ. ಮಗುವಿನ ರಕ್ತದಲ್ಲಿ ಕೂಡಿದ ಯೂರಿಯಾ, ಕ್ರಿಯಾಟಿನಿನ್ ಮಾಸಿನ ಮೂಲಕ ತಾಯಿಯ ರಕ್ತಕ್ಕೆ ದಾಟಿ, ತಾಯಿಯ ಕಿಡ್ನಿಯಿಂದ ಹೊರಬೀಳುತ್ತವೆ. ಹಾಗೆಂದು ಮಗುವಿನ ಕಿಡ್ನಿ ಸುಮ್ಮನೆ ಕುಳಿತಿರುವುದಿಲ್ಲ. ಮೂರನೇ ತಿಂಗಳ ಹೊತ್ತಿಗೇ ಮೂತ್ರ ತಯಾರಿಸಲು ತೊಡಗುತ್ತದೆ; ಐದನೇ ತಿಂಗಳಿಂದಾಚೆಗೆ ಗರ್ಭದ ನೀರಿನ ಬಹುಪಾಲು ಮಗುವಿನ ಮೂತ್ರವೇ. ದಿನ ತುಂಬುವ ಹೊತ್ತಿಗೆ ಹೊಟ್ಟೆಯೊಳಗಿನ ಮಗು ದಿನಕ್ಕೆ ಅರ್ಧ ಲೀಟರಿಗೂ ಮಿಕ್ಕಿ ಮೂತ್ರ ಮಾಡುತ್ತದೆ, ಅದನ್ನೇ ನುಂಗುತ್ತದೆ, ಮತ್ತೆ ಮಾಡುತ್ತದೆ. ಕೇಳಲು ಅಸಹ್ಯವೆನಿಸಬಹುದು. ಆದರೆ ಶ್ವಾಸಕೋಶ ಅರಳಿ ಬೆಳೆಯಲು ಈ ನೀರೇ ಬೇಕು. ಷಿಕಾಗೋದ ರೋಗಶಾಸ್ತ್ರಜ್ಞೆ ಈಡಿತ್ ಪಾಟರ್ 1946ರಲ್ಲಿ ಎರಡೂ ಕಿಡ್ನಿಗಳಿಲ್ಲದೆ ಹುಟ್ಟಿದ ಶಿಶುಗಳ ಚಹರೆಯನ್ನು ವಿವರವಾಗಿ ಬರೆದರು: ಚಪ್ಪಟೆ ಮೂಗು, ಕೆಳಗಿಳಿದ ಕಿವಿ, ಗಿಡ್ಡ ಗದ್ದ, ಬೆಳೆಯದೆ ಉಳಿದ ಶ್ವಾಸಕೋಶ. ಅಂಥ ಮಕ್ಕಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ತೀರಿಕೊಳ್ಳುತ್ತಿದ್ದುದು ಕಿಡ್ನಿ ಇಲ್ಲದ್ದರಿಂದ ರಕ್ತ ಕೆಟ್ಟು ಅಲ್ಲ. ನೀರಿಲ್ಲದ ಗರ್ಭದಲ್ಲಿ ಶ್ವಾಸಕೋಶ ಬೆಳೆಯದೆ ಉಸಿರಾಡಲಾಗದೆ. ಇವತ್ತು ಸ್ಕ್ಯಾನಿಂಗ್ ಮಾಡಿದವರು "ನೀರು ಕಮ್ಮಿ ಇದೆ" ಎಂದಾಗ ತಜ್ಞರು ಮಗುವಿನ ಕಿಡ್ನಿ, ಮೂತ್ರಚೀಲಗಳತ್ತ ಮತ್ತೊಮ್ಮೆ ಕಣ್ಣು ಹಾಯಿಸುವುದು ಈ ಕಾರಣಕ್ಕೇ. ಬಿಪಿಗೆ ಕೊಡುವ ಎನಲಾಪ್ರಿಲ್, ಲೊಸಾರ್ಟನ್ ಗುಂಪಿನ ಮಾತ್ರೆಗಳನ್ನು ಬಸುರಿಯರಿಗೆ ಬದಲಾಯಿಸಿ ಕೊಡುವುದೂ ಅದಕ್ಕೇ. ಅವು ಮಾಸು ದಾಟಿ ಮಗುವಿನ ಮೂತ್ರವನ್ನೇ ನಿಲ್ಲಿಸಬಲ್ಲವು.

ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಯಿಂದ ಲೆಕ್ಕಾಚಾರ ತಲೆಕೆಳಗು. ದೊಡ್ಡವರಲ್ಲಿ ಹೃದಯ ತಳ್ಳುವ ರಕ್ತದ ಐದನೇ ಒಂದು ಪಾಲು, ಕೆಲವೊಮ್ಮೆ ಕಾಲು ಪಾಲು, ಮೂತ್ರಪಿಂಡಗಳಿಗೆ ಹೋಗುತ್ತದೆ. ಗರ್ಭದಲ್ಲಿ ಅದು ನೂರಕ್ಕೆ ಎರಡು-ಮೂರರಷ್ಟು ಮಾತ್ರ. ಹುಟ್ಟಿದ ಮೇಲೆ ರಕ್ತದೊತ್ತಡ ಏರಿ, ಕಿಡ್ನಿಯೊಳಗಿನ ನಾಳಗಳ ಬಿಗಿ ಸಡಿಲವಾಗುತ್ತಾ ಬಂದ ಹಾಗೆ ಈ ಪಾಲು ಹೆಚ್ಚುತ್ತದೆ, ಆದರೆ ನಿಧಾನವಾಗಿ. ದಿನ ತುಂಬಿ ಹುಟ್ಟಿದ ಮೂರು ಕಿಲೋ ಕೂಸಿನ ಎರಡೂ ಕಿಡ್ನಿ ಸೇರಿ ಮೊದಲ ದಿನಗಳಲ್ಲಿ ಸೋಸುವುದು ದಿನಕ್ಕೆ ಮೂರು-ನಾಲ್ಕು ಲೀಟರ್. ದೊಡ್ಡವರಲ್ಲಿ ಇದು ಸುಮಾರು 180 ಲೀಟರ್. ವೈದ್ಯರು ಬಳಸುವ ಲೆಕ್ಕದಲ್ಲಿ, ಅಂದರೆ 1.73 ಚದರ ಮೀಟರ್ ಮೈಗೆ ಹೊಂದಿಸಿದ ಲೆಕ್ಕದಲ್ಲಿ, ಹಸುಗೂಸಿನ ಸೋಸುವ ವೇಗ ನಿಮಿಷಕ್ಕೆ 20 ಮಿಲಿಲೀಟರ್ ಆಸುಪಾಸು. ನಮ್ಮದು 100ರಿಂದ 120. ಎರಡು ವಾರದಲ್ಲಿ ಕೂಸಿನ ವೇಗ ಇಮ್ಮಡಿಯಾಗುತ್ತದೆ. ದೊಡ್ಡವರ ಮಟ್ಟ ಮುಟ್ಟಲು ಒಂದರಿಂದ ಎರಡು ವರ್ಷ ಹಿಡಿಯುತ್ತದೆ.

ಈ 1.73 ಎಲ್ಲಿಂದ ಬಂತು ಎಂದು ಕೇಳಬೇಕು. 1920ರ ದಶಕದ ಅಮೆರಿಕದಲ್ಲಿ 25ರ ಹರೆಯದವರ ಮೈಯ ಸರಾಸರಿ ವಿಸ್ತೀರ್ಣ ಅದು. 1928ರಲ್ಲಿ ಮೂವರು ಸಂಶೋಧಕರು ಲೆಕ್ಕದ ಅನುಕೂಲಕ್ಕೆಂದು ಅದನ್ನು ಬಳಸಿದರು, ಲೋಕವೆಲ್ಲ ಅದನ್ನೇ ಹಿಡಿದುಕೊಂಡಿತು. ಕೂಸಿನ ಮೈ ತೂಕಕ್ಕಿಂತ ವಿಸ್ತೀರ್ಣದಲ್ಲಿ ಮುಂದು. ಹಾಗಾಗಿ ಚರ್ಮದ ವಿಸ್ತೀರ್ಣ ಹಿಡಿದು ಹೋಲಿಸಿದರೆ ಅದರ ಕಿಡ್ನಿ ನಮ್ಮ ಐದನೇ ಒಂದು ಭಾಗ ಮಾತ್ರ ದುಡಿಯುವಂತೆ ಕಾಣುತ್ತದೆ. ಕಿಲೋ ತೂಕಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧದ ಹತ್ತಿರ ಬರುತ್ತದೆ. ಕೇಂಬ್ರಿಜಿನ ರಾಬರ್ಟ್ ಮೆಕ್ಯಾನ್ಸ್ ಮತ್ತು ಎಲ್ಸಿ ವಿಡೋಸನ್ 1952ರಲ್ಲಿ ಇದೇ ತಕರಾರು ತೆಗೆದು, ಶಿಶುವಿನ ಕಿಡ್ನಿಯನ್ನು ದೊಡ್ಡವರದಕ್ಕೆ ಹೋಲಿಸಲು ಸರಿಯಾದ ಆಧಾರ ಯಾವುದು ಎಂಬ ಪ್ರಶ್ನೆಯನ್ನೇ ಒಂದು ಪ್ರಬಂಧದ ಶೀರ್ಷಿಕೆ ಮಾಡಿದರು. ಕಿಡ್ನಿ ಕಾಯುವುದು ಮೈಯೊಳಗಿನ ನೀರನ್ನು. ಅಳೆಯುವುದಿದ್ದರೆ ಆ ನೀರಿಗೆ ಹೋಲಿಸಿ ಅಳೆಯಿರಿ ಎಂಬುದು ಅವರ ವಾದ. ಗೆದ್ದದ್ದು ಮಾತ್ರ 1.73. ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಒಮ್ಮೆ ಫಾರಂನಲ್ಲಿ ಅಚ್ಚಾದ ಸಂಖ್ಯೆಯನ್ನು ಅಲುಗಿಸುವುದು ಕಷ್ಟ.

ಫಾರಂನಲ್ಲಿ ಅಚ್ಚಾದ ಇನ್ನೊಂದು ಸಂಖ್ಯೆ ಲ್ಯಾಬ್ ವರದಿಯದು. ನವಜಾತ ಶಿಶುವಿನ ಕ್ರಿಯಾಟಿನಿನ್ ಪರೀಕ್ಷೆಯ ಚೀಟಿಯಲ್ಲಿ ಫಲಿತಾಂಶದ ಪಕ್ಕ ಎಷ್ಟೋ ಕಡೆ ದೊಡ್ಡವರ ಮಿತಿಯೇ ಮುದ್ರಣವಾಗಿರುತ್ತದೆ: 0.6ರಿಂದ 1.2. ಹುಟ್ಟಿದ ಮೊದಲ ದಿನ ಕೂಸಿನ ರಕ್ತದಲ್ಲಿ 0.8 ಇದ್ದರೆ ಅದು ಕೂಸಿನದಲ್ಲ, ತಾಯಿಯದು. ಮಾಸಿನ ಮೂಲಕ ಎರಡೂ ರಕ್ತ ಒಂದೇ ಮಟ್ಟಕ್ಕೆ ಬಂದಿರುತ್ತವೆ. ತಾಯಿಗೆ ಕಿಡ್ನಿ ತೊಂದರೆಯಿದ್ದು ಅವರ ಕ್ರಿಯಾಟಿನಿನ್ ಏರಿದ್ದರೆ ಮಗುವಿನದೂ ಏರಿಯೇ ಇರುತ್ತದೆ. ಮಗುವಿನ ಕಿಡ್ನಿ ಚೆನ್ನಾಗಿಯೇ ಇರಬಹುದು. ಆಮೇಲೆ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಇಳಿದು ಎರಡು ವಾರದ ಹೊತ್ತಿಗೆ 0.4ಕ್ಕಿಂತ ಕೆಳಗೆ ಬರಬೇಕು. ಮೂರು ವಾರದ ಮಗುವಿನಲ್ಲಿ ಅದೇ 0.8 ಕಂಡರೆ ಚೀಟಿ 'ನಾರ್ಮಲ್' ಎನ್ನುತ್ತದೆ, ಮಕ್ಕಳ ತಜ್ಞರು ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ. ತೀರಾ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಂತೂ ಮೊದಲ ಕೆಲವು ದಿನ ಕ್ರಿಯಾಟಿನಿನ್ ಇಳಿಯುವ ಬದಲು ಏರುತ್ತದೆ. ಅವರ ಎಳೆಯ ನಾಳಗಳು ಸೋಸಿ ಹೊರಹಾಕಿದ್ದನ್ನು ಮತ್ತೆ ಒಳಗೆ ಬಿಟ್ಟುಕೊಳ್ಳುತ್ತವೆ. ಒಂದು ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ, ಅದು ಯಾವ ದಿಕ್ಕಿಗೆ ಹೊರಟಿದೆ ಎಂದು ನೋಡಬೇಕು.

ಇನ್ನು ಮೂತ್ರವನ್ನು ಗಟ್ಟಿ ಮಾಡುವ ಮಾತು. ಬಿರುಬಿಸಿಲಿನಲ್ಲಿ ದುಡಿದು ಬಂದ ರೈತನ ಮೂತ್ರ ಕಡು ಹಳದಿಯಾಗುತ್ತದಲ್ಲ, ಅದು ಕಿಡ್ನಿಯ ಜಾಣ್ಮೆ: ಕಡಿಮೆ ನೀರಿನಲ್ಲಿ ಹೆಚ್ಚು ಕಲ್ಮಶ. ನಮ್ಮ ಕಿಡ್ನಿ ಒಂದು ಕಿಲೋ ನೀರಿಗೆ 1200 ಮಿಲಿಆಸ್ಮೋಲಿನವರೆಗೆ ಲವಣ-ಕಲ್ಮಶಗಳನ್ನು ತುಂಬಬಲ್ಲದು. ಹಸುಗೂಸಿಗೆ 600-700 ದಾಟುವುದೇ ಕಷ್ಟ. ಅಂದರೆ ಅಷ್ಟೇ ಕಲ್ಮಶ ತೆಗೆಯಲು ಕೂಸು ನಮ್ಮ ಎರಡರಷ್ಟು ನೀರು ಖರ್ಚು ಮಾಡಬೇಕು. ಹಳೆಯ ಪಠ್ಯಗಳು ಇದನ್ನು ಕೊರತೆಯೆಂದೇ ಬರೆದವು. ಕಾರಣಗಳೂ ಸಿಕ್ಕವು: ಕಿಡ್ನಿಯ ಒಳಭಾಗಕ್ಕೆ ಇಳಿದು ಮೇಲೇರುವ ಸೂಕ್ಷ್ಮ ಕುಣಿಕೆಗಳು ಇನ್ನೂ ಗಿಡ್ಡ, ನೀರು ಹಿಡಿದಿಡು ಎಂದು ಮೆದುಳಿನಿಂದ ಬರುವ ಹಾರ್ಮೋನಿನ ಮಾತಿಗೆ ನಾಳಗಳು ಪೂರ್ತಿ ಓಗೊಡುವುದಿಲ್ಲ.

ಆದರೆ ಮೂರನೆಯ ಕಾರಣವೊಂದಿದೆ, ಅದೇ ನನ್ನ ಮಟ್ಟಿಗೆ ಈ ಕತೆಯ ತಿರುಳು. ಮೂತ್ರ ಗಟ್ಟಿಯಾಗಬೇಕಾದರೆ ಕಿಡ್ನಿಯ ಒಳಪದರದಲ್ಲಿ ಯೂರಿಯಾ ಕೂಡಿರಬೇಕು. ಯೂರಿಯಾ ಬರುವುದು ಪ್ರೋಟೀನ್ ಮುರಿದಾಗ. ಹಸುಗೂಸು ಪ್ರೋಟೀನನ್ನು ಮುರಿಯುವುದಕ್ಕಿಂತ ಕಟ್ಟುವುದರಲ್ಲಿ ಮುಳುಗಿರುತ್ತದೆ. ದಿನಕ್ಕೆ 25-30 ಗ್ರಾಂ ತೂಕ ಏರುವ ಮಗು, ಕುಡಿದ ಹಾಲಿನ ಪ್ರೋಟೀನಿನಲ್ಲಿ ದೊಡ್ಡ ಪಾಲನ್ನು ಸ್ನಾಯು, ಚರ್ಮ, ರಕ್ತವಾಗಿ ಮೈಗೆ ಸೇರಿಸಿಕೊಳ್ಳುತ್ತದೆ. ಕಿಡ್ನಿಗೆ ಬರುವ ಯೂರಿಯಾವೇ ಕಡಿಮೆ. 1960ರಲ್ಲಿ ನ್ಯೂಯಾರ್ಕಿನ ಚೆಸ್ಟರ್ ಎಡಲ್‌ಮನ್ ಮತ್ತು ಸಂಗಡಿಗರು ಶಿಶುಗಳ ಆಹಾರದಲ್ಲಿ ಪ್ರೋಟೀನ್ ಹೆಚ್ಚಿಸಿ, ಯೂರಿಯಾ ಕೊಟ್ಟು ನೋಡಿದರು. 'ಕೈಲಾಗದ' ಕಿಡ್ನಿ ಮೊದಲಿಗಿಂತ ಎಷ್ಟೋ ಗಟ್ಟಿಯಾದ ಮೂತ್ರ ಮಾಡಿತು. ಅಲ್ಲಿಯತನಕ ಹಾಗೆ ಮಾಡದಿದ್ದುದಕ್ಕೆ ದೊಡ್ಡ ಕಾರಣ, ಮಾಡಲು ಬೇಕಾದ ಸಾಮಗ್ರಿ ಅದರ ಬಳಿ ಇಲ್ಲದ್ದು.

ಮೆಕ್ಯಾನ್ಸ್ ಮತ್ತು ವಿಡೋಸನ್ ಇದನ್ನು ಹಂದಿಮರಿಗಳಲ್ಲಿ ತೋರಿಸಿದ್ದರು. ಆಗತಾನೇ ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ತಾಯಿಹಾಲು, ಕೆಲವಕ್ಕೆ ಬರೀ ನೀರು. ಪ್ರೋಟೀನ್ ಹೊಟ್ಟೆಗೆ ಹೋದ ಮರಿಗಳ ರಕ್ತದಲ್ಲೇ ಯೂರಿಯಾ ಹೆಚ್ಚಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಆದದ್ದು ತಿರುವುಮುರುವು. ಹಾಲು ಕುಡಿದವು ಬೆಳೆದವು, ಅವುಗಳ ಯೂರಿಯಾ ಕೆಳಗೇ ಉಳಿಯಿತು; ಉಪವಾಸವಿದ್ದವು ತಮ್ಮ ಮೈಯನ್ನೇ ಕರಗಿಸಿಕೊಂಡು ಯೂರಿಯಾ ಏರಿಸಿಕೊಂಡವು. ರಕ್ತ ಶುದ್ಧವಾಗಿಡುವ ಕೆಲಸದಲ್ಲಿ ಕಿಡ್ನಿಯಷ್ಟೇ ಪಾಲು ಬೆಳವಣಿಗೆಗೂ ಇದೆ ಎಂದಾಯಿತು. ಈ ಜೋಡಿಯ ಬಗ್ಗೆ ಒಂದು ಮಾತು: ಇಬ್ಬರೂ ಸುಮಾರು ಅರವತ್ತು ವರ್ಷ ಒಟ್ಟಿಗೆ ದುಡಿದವರು, ಆಹಾರದ ಸತ್ವಗಳ ಕೋಷ್ಟಕ ಬರೆದವರು, ಅಪಾಯದ ಪ್ರಯೋಗಗಳನ್ನು ಮೊದಲು ತಮ್ಮ ಮೈಮೇಲೇ ಮಾಡಿಕೊಂಡವರು. ಕೂಸಿನ ಕಿಡ್ನಿಯನ್ನು ಅದರ ಊಟದಿಂದ ಬೇರ್ಪಡಿಸಿ ನೋಡಬಾರದೆಂಬುದು ಅಂಥವರಿಗೆ ಹೊಳೆದದ್ದು ಸಹಜವೇ.

ಆ ಊಟ ತಾಯಿಯ ಹಾಲು. ನೂರು ಮಿಲಿಲೀಟರಿಗೆ ಒಂದು ಗ್ರಾಂ ಪ್ರೋಟೀನ್. ಹಸುವಿನ ಹಾಲಿನಲ್ಲಿ ಮೂರು ಗ್ರಾಂ ದಾಟುತ್ತದೆ, ಎಮ್ಮೆ ಹಾಲಿನಲ್ಲಿ ಇನ್ನೂ ಹೆಚ್ಚು. ಸೋಡಿಯಂ ಹಸುವಿನ ಹಾಲಿನಲ್ಲಿ ಮೂರು ಪಟ್ಟು, ರಂಜಕ ಐದಾರು ಪಟ್ಟು. ಕರು ಎರಡು ತಿಂಗಳೊಳಗೆ ಇಮ್ಮಡಿ ತೂಕವಾಗಬೇಕಾದ ಪ್ರಾಣಿ, ಅದಕ್ಕೆ ಅದು ಸರಿ. ನಮ್ಮ ಕೂಸು ಇಮ್ಮಡಿಯಾಗಲು ಐದು ತಿಂಗಳು ತೆಗೆದುಕೊಳ್ಳುತ್ತದೆ. ಹಸುವಿನ ಹಾಲು ಕುಡಿದ ಕೂಸಿನ ಕಿಡ್ನಿಯ ಮೇಲೆ ಬೀಳುವ ಹೊರೆ ಎದೆಹಾಲಿನ ಮೂರರಷ್ಟು. ನೀರು ಬೆರೆಸಿದರೆ ಹೊರೆ ಇಳಿಯುತ್ತದೆ, ಜೊತೆಗೆ ಮಗುವಿಗೆ ಸಿಗಬೇಕಾದ ಕಸುವೂ ಇಳಿಯುತ್ತದೆ. ರಂಜಕದ ಕತೆ ಇನ್ನೂ ವಿಚಿತ್ರ. ಸೋಸುವ ವೇಗ ಕಡಿಮೆಯಿರುವ ಕಿಡ್ನಿ ಅಷ್ಟು ರಂಜಕವನ್ನು ಹೊರಹಾಕಲಾರದೆ ಉಳಿಸಿಕೊಳ್ಳುತ್ತದೆ. ರಂಜಕ ಏರಿದಂತೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಮೊದಲ ವಾರದ ಕೊನೆಗೆ, ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದ ಕೂಸಿಗೆ ಕೈಕಾಲು ಸೆಟೆದು ಫಿಟ್ಸ್ ಬರುತ್ತದೆ. ಡಬ್ಬಿ ಹಾಲಿನ ಪುಡಿಯನ್ನು ಎದೆಹಾಲಿಗೆ ಹತ್ತಿರವಾಗಿ ತಯಾರಿಸಲು ಕಲಿತ ಮೇಲೆ ಈ ಫಿಟ್ಸ್ ಅಪರೂಪವಾಯಿತು. ಆದರೂ ಡಬ್ಬಿಯ ಜೊತೆ ಬರುವ ಚಮಚವನ್ನು ಗೋಪುರದ ಹಾಗೆ ತುಂಬಿ ಹಾಕುವ ಕೈಗಳಿಗೆ ಇವತ್ತೂ ಬರವಿಲ್ಲ. ಮಗು ಬೇಗ ದಪ್ಪಗಾಗಲಿ ಎಂಬ ಪ್ರೀತಿ ಅದು. ಕಿಡ್ನಿಗೆ ಮಾತ್ರ ಉಪ್ಪು ಮತ್ತು ಪ್ರೋಟೀನಿನ ಹೊರೆ.

ಉಪ್ಪಿನ ವಿಷಯದಲ್ಲಿ ಹಸುಗೂಸಿನ ಕಿಡ್ನಿ ಜಿಪುಣ. ತಾಯಿಹಾಲಿನಲ್ಲಿ ಸೋಡಿಯಂ ಕಡಿಮೆ, ಬೆಳೆಯುವ ಮೈಗೆ ಅದು ಬೇಕು, ಆದ್ದರಿಂದ ಬಂದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುವುದೇ ಅದರ ಸ್ವಭಾವ. ಹೆಚ್ಚಾದರೆ ಬಿಸಾಡುವುದನ್ನು ಅದು ಇನ್ನೂ ಕಲಿತಿಲ್ಲ. 1962ರ ಮಾರ್ಚಿನಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಊರಿನ ಆಸ್ಪತ್ರೆಯೊಂದರಲ್ಲಿ ಶಿಶುಗಳಿಗೆ ಹಾಲು ಬೆರೆಸುವ ಕೋಣೆಯ ಸಕ್ಕರೆ ಡಬ್ಬಿಗೆ ಯಾರೋ ಉಪ್ಪು ತುಂಬಿದರು. ಅದನ್ನು ಕುಡಿದ ಕೂಸುಗಳಲ್ಲಿ ಆರು ಸತ್ತವು. ದೊಡ್ಡವರಾಗಿದ್ದರೆ ಮೊದಲ ಗುಟುಕಿಗೇ ಉಗುಳುತ್ತಿದ್ದರು. ನುಂಗಿದ್ದರೂ ಬಾಯಾರಿ ಚೊಂಬುಗಟ್ಟಲೆ ನೀರು ಕುಡಿದು, ಉಪ್ಪನ್ನು ಮೂತ್ರದಲ್ಲಿ ಕಳೆದುಕೊಳ್ಳುತ್ತಿದ್ದರು. ಕೂಸಿಗೆ ಬಾಯಾರಿಕೆಯೆಂದು ಹೇಳಲು ಇರುವುದು ಅಳುವೊಂದೇ. ಅತ್ತ ಕೂಸಿಗೆ ಕೊಡುವುದು ಮತ್ತದೇ ಬಾಟಲಿ. ಆ ದುರಂತವನ್ನು ಅಧ್ಯಯನ ಮಾಡಿ ಮುಂದಿನ ವರ್ಷ ಪ್ರಕಟಿಸಿದ ಲಾರೆನ್ಸ್ ಫಿನ್‌ಬರ್ಗ್ ಮತ್ತು ಸಂಗಡಿಗರ ವರದಿಯನ್ನು ಮಕ್ಕಳ ತಜ್ಞರು ಇವತ್ತಿಗೂ ನೆನೆಯುತ್ತಾರೆ.

2008ರ ಚೀನಾದ ಡಬ್ಬಿ ಹಾಲಿನ ಹಗರಣವೂ ಇಲ್ಲೇ ಬರುತ್ತದೆ. ನೀರು ಸೇರಿಸಿದ ಹಾಲಿನಲ್ಲಿ ಪ್ರೋಟೀನ್ ಹೆಚ್ಚಿದೆಯೆಂದು ಪರೀಕ್ಷೆಯಲ್ಲಿ ತೋರಿಸಲು ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ್ದರು. ಸರ್ಕಾರಿ ಲೆಕ್ಕದಲ್ಲೇ ಸುಮಾರು ಮೂರು ಲಕ್ಷ ಮಕ್ಕಳು ತೊಂದರೆಗೀಡಾದರು, ಆರು ಮಕ್ಕಳು ಸತ್ತರು. ಕಿಡ್ನಿಯಲ್ಲಿ ಕಟ್ಟಿದ್ದ ಕಲ್ಲುಗಳನ್ನು ಒಡೆದು ನೋಡಿದಾಗ ಸಿಕ್ಕಿದ್ದು ಮೆಲಮೈನ್ ಜೊತೆ ಯೂರಿಕ್ ಆಮ್ಲ. ಲಂಗೋಟಿಯಲ್ಲಿ ಇಟ್ಟಿಗೆ ಬಣ್ಣ ಬಿಡುವ ಅದೇ ಆಮ್ಲ. ಎಳೆಯ ಮಕ್ಕಳ ಮೂತ್ರದಲ್ಲಿ ಅದು ಸಹಜವಾಗಿಯೇ ಹೆಚ್ಚಿರುವುದರಿಂದ, ಮೂರು ಹೊತ್ತೂ ಆ ಪುಡಿಯೊಂದೇ ಆಹಾರವಾದ್ದರಿಂದ, ಏಟು ಬಿದ್ದದ್ದು ಅವರಿಗೇ.

ಉಪ್ಪಾಯಿತು, ನೀರು? ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಬಾಣಂತಿ ವಾರ್ಡಿಗೆ ಹೋಗಿ ನಿಂತರೆ ಈ ಮಾತು ಕೇಳದೆ ಬರಲಾಗದು:

"ಈ ಬಿಸಿಲಾಗ ಕೂಸಿಗೆ ಒಂದ್ ಹನಿ ನೀರ ಕುಡಸಬ್ಯಾಡ ಅಂದ್ರ ಹ್ಯಾಂಗ್ರೀ ಡಾಕ್ಟ್ರೇ? ಅದರ ಗಂಟ್ಲ ಒಣಗೂದಿಲ್ಲೇನು?"

"ಎದಿಹಾಲಾಗ ನೀರೇ ಹೆಚ್ಚೈತಿ ಆಯಿ. ಕೂಸಿಗೆ ಅಷ್ಟ ಸಾಕು. ನೀರ ಕುಡಸೂದಿದ್ರ ನಿಮ್ಮ ಮಗಳಿಗೆ ಕುಡಸ್ರಿ, ಆಕಿ ಬಾಯಿ ಒಣಗೇತಿ ನೋಡ್ರಿ."

ಎರಡೂ ಕಡೆ ಸತ್ಯವಿರುವ ಮಾತುಕತೆ ಇದು. ಎದೆಹಾಲಿನಲ್ಲಿ ನೂರಕ್ಕೆ 87-88 ಭಾಗ ನೀರು. ಅದರಲ್ಲಿರುವ ಕಲ್ಮಶದ ಹೊರೆ ಎಷ್ಟು ಕಡಿಮೆಯೆಂದರೆ ಬಿಸಿಲಿನಲ್ಲೂ ಕೂಸಿನ ಕಿಡ್ನಿ ತನ್ನ ಶಕ್ತಿಯ ಕೊನೆಗೆ ಹೋಗಬೇಕಾಗಿಲ್ಲ. ಮೊದಲ ಆರು ತಿಂಗಳು ಬೇರೆ ನೀರು ಬೇಡವೆನ್ನುವುದು ಇದೇ ಲೆಕ್ಕದ ಮೇಲೆ. ಇನ್ನು ಬರೀ ನೀರು ಕುಡಿಸಿದರೆ? ಮೂತ್ರವನ್ನು ತೆಳುವಾಗಿಸುವುದರಲ್ಲಿ ಹಸುಗೂಸು ನಮಗೆ ಸರಿಸಮ, ನೀರಿನಷ್ಟೇ ತಿಳಿಯಾದ ಮೂತ್ರ ಮಾಡಬಲ್ಲದು. ತೊಡಕಿರುವುದು ವೇಗದಲ್ಲಿ. ಕೆರೆಯ ತೂಬಿನ ಹಾಗೆ: ಎಷ್ಟೇ ನೀರು ಬಂದು ಸೇರಿದರೂ ಕಿಂಡಿ ಎಷ್ಟು ಅಗಲವೋ ಅಷ್ಟೇ ಹೊರಗೆ. ಉಳಿದ ನೀರು ಮೈಯಲ್ಲೇ ನಿಂತು ರಕ್ತದ ಸೋಡಿಯಂ ತೆಳುವಾಗುತ್ತದೆ, ಮೆದುಳು ಊದಿಕೊಳ್ಳುತ್ತದೆ, ಮಗು ಮಂಕಾಗುತ್ತದೆ, ಫಿಟ್ಸ್ ಬರುತ್ತದೆ. ಬಾಟಲಿಗಟ್ಟಲೆ ನೀರು ಕುಡಿಸಿ, ಅಥವಾ ಪುಡಿ ಉಳಿಸಲೆಂದು ಡಬ್ಬಿ ಹಾಲನ್ನು ತೀರಾ ತೆಳು ಮಾಡಿ ಹೀಗಾದ ಮಕ್ಕಳ ವಿವರಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಸಾಕಷ್ಟಿವೆ. ಒಂದೆರಡು ಚಮಚಕ್ಕೆ ಇದಾಗುವುದಿಲ್ಲ. ಆದರೆ ನೀರಿನಿಂದ ತುಂಬಿದ ಪುಟ್ಟ ಹೊಟ್ಟೆ ಮೊಲೆ ಚೀಪುವುದನ್ನು ಅಷ್ಟು ಕಡಿಮೆ ಮಾಡುತ್ತದೆ, ಚೀಪದಿದ್ದರೆ ಹಾಲು ಇಳಿಯುವುದಿಲ್ಲ.

ಹಾಗೆಂದು ಅಜ್ಜಿಯ ಭಯವನ್ನು ಪೂರ್ತಿ ತಳ್ಳಿಹಾಕುವ ಡಾಕ್ಟರೂ ತಪ್ಪುತ್ತಾರೆ. ಹಾಲು ಸಾಕಷ್ಟು ಬರದಿದ್ದಾಗ, ಕೂಸು ಸರಿಯಾಗಿ ಬಾಯಿ ಹಚ್ಚದಿದ್ದಾಗ ಗಂಟಲು ನಿಜವಾಗಿಯೂ ಒಣಗುತ್ತದೆ. ದಿನ ತುಂಬಿದ ಕೂಸು ಮೊದಲ ನಾಲ್ಕು ದಿನದಲ್ಲಿ ತೂಕ ಕಳೆದುಕೊಳ್ಳುವುದು ಸಹಜ. ಹುಟ್ಟುವಾಗ ಮೈಯ ಮುಕ್ಕಾಲು ಪಾಲು ನೀರೇ ಇರುತ್ತದೆ, ಜೀವಕೋಶಗಳ ಹೊರಗೆ ನಿಂತ ಹೆಚ್ಚಿನ ನೀರು-ಉಪ್ಪನ್ನು ಕಿಡ್ನಿ ಈ ದಿನಗಳಲ್ಲಿ ಕಳಿಸಿಬಿಡುತ್ತದೆ. ಮೂರು ಕಿಲೋ ಇದ್ದ ಮಗು 2 ಕಿಲೋ 800 ಗ್ರಾಂ ಆದರೆ ಗಾಬರಿಯಿಲ್ಲ. 2 ಕಿಲೋ 700 ಗ್ರಾಂಗಿಂತ ಕೆಳಗಿಳಿದರೆ, ಅಂದರೆ ಹತ್ತರಲ್ಲೊಂದು ಪಾಲು ಹೋದರೆ, ತಡಮಾಡುವಂತಿಲ್ಲ. ಕಿಡ್ನಿ ನೀರು ಉಳಿಸುವುದರಲ್ಲಿ ಹಿಂದೆ, ಉಪ್ಪು ಉಳಿಸುವುದರಲ್ಲಿ ಮುಂದೆ. ಆದ್ದರಿಂದ ನೀರು ಕಳೆದುಕೊಂಡ ಕೂಸಿನ ರಕ್ತದಲ್ಲಿ ಸೋಡಿಯಂ ಏರುತ್ತಲೇ ಹೋಗುತ್ತದೆ. ಮೋಸವೆಂದರೆ ಅಂಥ ಕೂಸು ಮೊದಮೊದಲು ಅಳುತ್ತದೆ, ಆಮೇಲೆ ಅಳುವುದನ್ನೂ ಬಿಟ್ಟು ಮಲಗುತ್ತದೆ. "ಎಷ್ಟು ಚೆಂದ ಮಲಗ್ತಾಳೆ ನೋಡಿ, ಒಳ್ಳೇ ಮಗು" ಎನ್ನುತ್ತಾರೆ ನೋಡಲು ಬಂದವರು. ಆಶಾ ಕಾರ್ಯಕರ್ತೆ ಮೂರನೇ ದಿನ, ಏಳನೇ ದಿನ, ಆಮೇಲೆ 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸನ್ನು ತಕ್ಕಡಿಯ ಜೋಳಿಗೆಯಲ್ಲಿ ತೂಗುತ್ತಾರಲ್ಲ, ಮನೆಯವರು ದೃಷ್ಟಿಯಾಗುತ್ತದೆಂದು ಮೂಗು ಮುರಿಯುವ ಆ ತೂಕವೇ ಹಸುಗೂಸಿನ ಕಿಡ್ನಿಯ ಬಗ್ಗೆ ಮನೆಯಲ್ಲಿ ಸಿಗುವ ಅತ್ಯುತ್ತಮ ಪರೀಕ್ಷೆ. ಮೂತ್ರದ ಲೆಕ್ಕ ಅದಕ್ಕೆ ಜೊತೆ: ಹುಟ್ಟಿದ 24 ಗಂಟೆಯೊಳಗೆ ಬಹುತೇಕ ಎಲ್ಲ ಮಕ್ಕಳೂ ಒಮ್ಮೆಯಾದರೂ ಮೂತ್ರ ಮಾಡುತ್ತವೆ, ವಾರ ತುಂಬುವ ಹೊತ್ತಿಗೆ ದಿನಕ್ಕೆ ಆರೇಳು ಬಟ್ಟೆ ಒದ್ದೆಯಾಗಬೇಕು. ಗಂಡುಮಗು ಜೋರಾಗಿ ಹಾರಿಸದೆ ತೊಟ್ಟಿಕ್ಕುತ್ತಿದ್ದರೆ ಮೂತ್ರನಾಳದಲ್ಲಿ ತಡೆಯಿರಬಹುದು, ತೋರಿಸಬೇಕು.

ಔಷಧಗಳಲ್ಲೂ ಈ ಕಿಡ್ನಿ ತನ್ನದೇ ಗಡಿಯಾರ ಇಟ್ಟುಕೊಂಡಿದೆ. ಸೋಂಕಾದ ಶಿಶುಗಳಿಗೆ ಕೊಡುವ ಜೆಂಟಾಮೈಸಿನ್ ಚುಚ್ಚುಮದ್ದು ಬಹುಪಾಲು ಕಿಡ್ನಿಯಿಂದಲೇ ಹೊರಹೋಗುವಂಥದ್ದು. ಮಗು ಪುಟ್ಟದಾದ್ದರಿಂದ ಪ್ರಮಾಣ ಕಡಿಮೆ ಮಾಡಿ, ನಮ್ಮ ಹಾಗೆಯೇ ಹೊತ್ತು ಹೊತ್ತಿಗೆ ಕೊಟ್ಟರಾಯಿತು ಎಂದು ಯಾರಿಗಾದರೂ ಅನಿಸುತ್ತದೆ. ಮಾಡುವುದು ಬೇರೆ. ಮೈಯಲ್ಲಿ ನೀರು ಹೆಚ್ಚಿರುವುದರಿಂದ ಔಷಧ ಹರಡಿಹೋಗುತ್ತದೆ, ಕಿಲೋ ಲೆಕ್ಕದಲ್ಲಿ ಪ್ರಮಾಣ ಕಡಿಮೆ ಮಾಡುವಂತಿಲ್ಲ. ಹೊರಹೋಗುವುದು ನಿಧಾನವಾದ್ದರಿಂದ ಎರಡು ಡೋಸಿನ ನಡುವಿನ ಅಂತರ ಹಿಗ್ಗಿಸಬೇಕು. ತೀರಾ ಎಳೆಯ ಅವಧಿಪೂರ್ವ ಶಿಶುವಿಗೆ 36ರಿಂದ 48 ಗಂಟೆಗೊಮ್ಮೆ. ಅದನ್ನು ಮರೆತು ಬೇಗ ಬೇಗ ಕೊಟ್ಟರೆ ಕಿಡ್ನಿಗೂ ಕಿವಿಗೂ ಪೆಟ್ಟು. ಅಂಥ ಶಿಶುಗಳ ಹೃದಯದ ಪಕ್ಕ ತೆರೆದೇ ಉಳಿದ ನಾಳವನ್ನು ಮುಚ್ಚಲು ಕೊಡುವ ಐಬುಪ್ರೊಫೇನ್ ಕಿಡ್ನಿಗೆ ಹೋಗುವ ರಕ್ತವನ್ನೂ ಕಡಿಮೆ ಮಾಡುತ್ತದೆ; ಮೂತ್ರ ಇಳಿದ ಕೂಡಲೇ ಮುಂದಿನ ಡೋಸ್ ತಡೆಯುತ್ತಾರೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯುನಲ್ಲಿ ನರ್ಸಮ್ಮ ಒದ್ದೆ ಡೈಪರನ್ನು ಬಿಸಾಡುವ ಮೊದಲು ಪುಟ್ಟ ತಕ್ಕಡಿಯಲ್ಲಿಟ್ಟು ಗ್ರಾಂ ಬರೆದುಕೊಳ್ಳುವುದು ಇದಕ್ಕೇ. ಒಣ ಡೈಪರಿನ ತೂಕ ಕಳೆದರೆ ಉಳಿದದ್ದು ಮೂತ್ರ, ಒಂದು ಗ್ರಾಂ ಅಂದರೆ ಒಂದು ಮಿಲಿಲೀಟರ್. ಕಿಲೋ ತೂಕಕ್ಕೆ ಗಂಟೆಗೆ ಒಂದು ಮಿಲಿಲೀಟರಿಗಿಂತ ಕೆಳಗಿಳಿದರೆ ಆಕೆ ಡಾಕ್ಟರನ್ನು ಕರೆಯುತ್ತಾಳೆ.

ಅವಧಿಗೆ ಮುನ್ನ ಹುಟ್ಟಿದವರ ಪಾಡು ಬೇರೆಯೇ. ಮೂತ್ರಪಿಂಡದ ಸೋಸುವ ಘಟಕಗಳಾದ ನೆಫ್ರಾನ್‌ಗಳು ಒಂದೊಂದು ಕಿಡ್ನಿಯಲ್ಲಿ ಸರಾಸರಿ ಹತ್ತು ಲಕ್ಷ. ಕೆಲವರಲ್ಲಿ ಎರಡೇ ಲಕ್ಷ, ಕೆಲವರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ, 34ರಿಂದ 36ನೇ ವಾರಕ್ಕೆ ಆ ಕೆಲಸ ಮುಗಿಯುತ್ತದೆ. ಆಮೇಲೆ ಜೀವಮಾನವಿಡೀ ಹೊಸ ನೆಫ್ರಾನ್ ಒಂದೂ ಹುಟ್ಟುವುದಿಲ್ಲ, ಇರುವವೇ ದೊಡ್ಡದಾಗುತ್ತವೆ. 28 ವಾರಕ್ಕೆ ಹುಟ್ಟಿದ ಶಿಶು ಉಳಿದವನ್ನು ಇನ್‌ಕ್ಯುಬೇಟರಿನಲ್ಲಿ, ಸೋಂಕು ಔಷಧಗಳ ನಡುವೆ, ಅವಸರದಲ್ಲಿ ಕಟ್ಟಿಕೊಳ್ಳಬೇಕು. ಅದರ ಕಿಡ್ನಿ ದಿನ ತುಂಬಿದವರ ಹಾಗೆ ಉಪ್ಪು ಉಳಿಸುವುದೂ ಇಲ್ಲ, ಸೋರಿ ಹೋಗಲು ಬಿಡುತ್ತದೆ. ಒಂದೇ ವಾರ್ಡಿನ ಎರಡು ತೊಟ್ಟಿಲಲ್ಲಿ ಒಂದಕ್ಕೆ ಉಪ್ಪು ವಿಷ, ಇನ್ನೊಂದಕ್ಕೆ ಉಪ್ಪೇ ಮದ್ದು.

ಕಡಿಮೆ ನೆಫ್ರಾನ್‌ಗಳೊಂದಿಗೆ ಹುಟ್ಟಿದವರಿಗೆ ಮುಂದೆ ಬಿಪಿ ಬರುವ ಸಾಧ್ಯತೆ ಹೆಚ್ಚು ಎಂದು ಕಿಡ್ನಿ ತಜ್ಞ ಬ್ಯಾರಿ ಬ್ರೆನರ್ 1988ರಲ್ಲಿ ಹೇಳಿದಾಗ ಅದು ಊಹೆ. 2003ರಲ್ಲಿ ಜರ್ಮನಿಯ ಸಂಶೋಧಕರು ಅಪಘಾತದಲ್ಲಿ ಸತ್ತ, ಬಿಪಿಯಿದ್ದ ಹತ್ತು ಜನರ ಮತ್ತು ಬಿಪಿಯಿಲ್ಲದ ಹತ್ತು ಜನರ ಕಿಡ್ನಿಗಳಲ್ಲಿ ನೆಫ್ರಾನ್ ಎಣಿಸಿದರು. ಮೊದಲ ಗುಂಪಿನಲ್ಲಿ ಕಿಡ್ನಿಗೆ ಸುಮಾರು 7 ಲಕ್ಷ, ಎರಡನೆಯದರಲ್ಲಿ 14 ಲಕ್ಷ. ಇಪ್ಪತ್ತೇ ಜನರ ಲೆಕ್ಕ, ಅಷ್ಟರಿಂದ ಎಲ್ಲವೂ ಸಾಬೀತಾಗದು. ಆದರೂ ತಳ್ಳಿಹಾಕಲಾಗದಷ್ಟು ದೊಡ್ಡ ಅಂತರ. ಹುಟ್ಟಿದ ತೂಕ ಮುಪ್ಪಿನವರೆಗೂ ಬೆನ್ನು ಹತ್ತುತ್ತದೆ ಎಂಬ ಮಾತಿಗೆ ನಮ್ಮಲ್ಲೇ ಸಾಕ್ಷಿಯಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟುಕೊಂಡು ಬಂದಿತ್ತು. ಆ ಕೂಸುಗಳು ನಡುವಯಸ್ಸಿಗೆ ಬಂದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು: ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು. ಅದು ಹೃದಯದ ಲೆಕ್ಕ, ನೆಫ್ರಾನಿನದಲ್ಲ. ಆದರೆ ಬಿಪಿ, ಹೃದಯ, ಕಿಡ್ನಿ ಒಂದನ್ನೊಂದು ಎಳೆಯುವ ಬಂಡಿಗಳು.

ಹಾಗಾಗಿ ಹುಟ್ಟಿದ ತೂಕ ಮತ್ತು ವಾರಗಳನ್ನು ಬರೆದ ತಾಯಿ ಕಾರ್ಡನ್ನು, ಡಿಸ್ಚಾರ್ಜ್ ಚೀಟಿಯನ್ನು ಮಗು ದೊಡ್ಡದಾದ ಮೇಲೂ ಎತ್ತಿಡಬೇಕು. ಹೆಚ್ಚಿನ ಮನೆಗಳಲ್ಲಿ ಲಸಿಕೆಗಳು ಮುಗಿದ ಕೂಡಲೇ ಅವು ಕಾಣೆಯಾಗುತ್ತವೆ. ಮಾಮೂಲಿ ಮಕ್ಕಳಿಗೆ ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಬಿಪಿ ನೋಡಿದರೆ ಸಾಕೆನ್ನುತ್ತಾರೆ ಮಕ್ಕಳ ತಜ್ಞರು. 32 ವಾರಕ್ಕೂ ಮುಂಚೆ ಹುಟ್ಟಿದವರಿಗೆ, ಎನ್‌ಐಸಿಯುನಲ್ಲಿ ಕಿಡ್ನಿಗೆ ಏಟು ತಿಂದವರಿಗೆ ಅಲ್ಲಿಯವರೆಗೂ ಕಾಯುವುದಿಲ್ಲ. ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ಮಗುವಿನ ತೋಳಿನ ಅಳತೆಯದೇ ಇದೆಯೇ ಎಂದು ಕೇಳಿ. ದೊಡ್ಡವರ ಪಟ್ಟಿ ಸುತ್ತಿದರೆ ಯಂತ್ರ ಬಿಪಿಯನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.